‘ಆವಾರಾ’ ಹಾಡಿನ ಅರ್ಥ



ರಾಜ್ಯೋತ್ಸವದ ವೇದಿಕೆಯಲ್ಲಿ ಹಿಂದೀ ಚಿತ್ರಗೀತೆಯ ಮಾತೇಕೆ ಎಂದು ಹುಬ್ಬೇರಿಸುವವರು ಇರಬಹುದು. ಆ ಹಾಡು ಹುಟ್ಟಿದ್ದು ನಮಗೆ ಅನ್ನ ಕೊಟ್ಟಿರುವ ಈ ಮುಂಬಯಿಯಲ್ಲೇ; ಬರೆದವರೂ ನಮ್ಮಂತೆಯೇ ಹೊಟ್ಟೆಪಾಡಿಗೆ ಇಲ್ಲಿಗೆ ಬಂದವರು. ಇಷ್ಟು ನಂಟು ಸಾಕೆಂದು ಭಾವಿಸಿದ್ದೇವೆ.

1951ರ ‘ಆವಾರಾ’ ಚಿತ್ರದ ಗೀತೆ ಅದು. ಅಭಿನಯ ರಾಜ್ ಕಪೂರರದು, ಕಂಠ ಮುಕೇಶರದು, ಸಂಗೀತ ಶಂಕರ್–ಜೈಕಿಶನ್ ಜೋಡಿಯದು. ರಚಿಸಿದ ಶೈಲೇಂದ್ರರು ಮಾಟುಂಗದ ರೈಲ್ವೆ ಕಾರ್ಖಾನೆಯಲ್ಲಿ ದುಡಿದವರು. ಕವಿತೆ ಕೊಳ್ಳಲು ಬಂದ ರಾಜ್ ಕಪೂರರಿಗೆ, ಕವಿತೆ ಮಾರಾಟಕ್ಕಿಲ್ಲವೆಂದು ಮೊದಲು ಹೇಳಿಬಿಟ್ಟರಂತೆ. ಮುಂದೆ ಸಂಸಾರದ ಅಡಚಣೆ ಒದಗಿದಾಗ ತಾವೇ ಹೋಗಿ, 500 ರೂಪಾಯಿ ಪಡೆದು, 1949ರ ‘ಬರ್ಸಾತ್’ ಚಿತ್ರಕ್ಕೆ ಎರಡು ಹಾಡು ಬರೆದುಕೊಟ್ಟರೆಂದು ಹೇಳುತ್ತಾರೆ. ಬ್ಯಾಂಕಿನ ಕೌಂಟರಿನಲ್ಲಿ ಕೂಡುವ ನಮಗೆ ಆ 500 ರೂಪಾಯಿಯ ಭಾರ ಚೆನ್ನಾಗಿ ತಿಳಿಯುತ್ತದೆ.

‘ಆವಾರಾ’ ಎಂಬುದಕ್ಕೆ ಕನ್ನಡದಲ್ಲಿ ಏನೆನ್ನಬೇಕು? ಅಲೆಮಾರಿ ಎಂದರೆ ಸಪ್ಪೆ. ಪೋಕರಿ ಎಂದರೆ ಖಾರ ಹೆಚ್ಚಾಯಿತು. ಬೀದಿ ಬಸವ ಎಂದರೆ ಹತ್ತಿರ ಬಂದೀತು. ಆದರೆ ನಿಂತಲ್ಲಿ ನಿಲ್ಲದವನನ್ನು ಜಂಗಮನೆಂದು ಕರೆದು ಕೈಮುಗಿದ ನಾಡು ನಮ್ಮದು. ಜಂಗಮನು ಮನೆಯನ್ನು ತಾನಾಗಿ ಬಿಟ್ಟವನು. ಚಿತ್ರದ ರಾಜುವಿಗೆ ಬಿಡಲು ಮನೆಯೇ ಇರಲಿಲ್ಲ. ಕಳ್ಳನ ಮಗ ಕಳ್ಳನೇ ಆಗುತ್ತಾನೆಂದು ನಂಬಿದ ನ್ಯಾಯಾಧೀಶ ತಂದೆ, ಅವನು ಹುಟ್ಟುವ ಮೊದಲೇ ತಾಯಿಯನ್ನು ಹೊರಗೆ ಹಾಕಿದ್ದನು. ಇದನ್ನು ಮರೆತು ಕೇಳಿದರೆ ಹಾಡು ಬರಿಯ ಉಲ್ಲಾಸ.

ನಾವೂ ಬಹುಕಾಲ ಹಾಗೆಯೇ ಕೇಳಿದೆವು. ಬಿ.ಕಾಂ. ಮುಗಿಸಿ, ಬ್ಯಾಂಕಿನ ಪರೀಕ್ಷೆ ಪಾಸಾಗಿ, ಮೂವರು ಗೆಳೆಯರು ಒಂದೇ ಕೋಣೆ ಹಿಡಿದ ಮೊದಲ ವರ್ಷ ಅದೇ ನಮ್ಮ ಹಾಡು. ಎಷ್ಟು ಹೊತ್ತಿಗೆ ಬಂದೆ, ಯಾರೊಡನೆ ಹೋದೆ ಎಂದು ಕೇಳುವವರಿಲ್ಲ! ರವಿವಾರ ಸಮುದ್ರದ ದಂಡೆಯ ಮೇಲೆ ಎತ್ತ ಬೇಕಾದರೂ ನಡೆಯಬಹುದು.

ಒಂದು ರಾತ್ರಿ ನಮ್ಮಲ್ಲೊಬ್ಬನಿಗೆ ಜ್ವರ ಏರಿತು. ಊರಿನಿಂದ ಫೋನು ಬಂತು. ಅವನ ತಾಯಿ ಕೇಳಿದ್ದು ಒಂದೇ ಮಾತು: “ಊಟ ಆತೇನಪಾ?” ಆತೆಂದು ಸುಳ್ಳು ಹೇಳಿ ಗೋಡೆಯ ಕಡೆ ಹೊರಳಿದನು. ಆಗ ನಮಗೆ ಆ ಹಾಡಿನ ಮೊದಲ ಚರಣ ತಿಳಿಯಿತು. ಮನೆಯಿಲ್ಲ, ಪ್ರೀತಿಸುವವರಿಲ್ಲ ಎಂದು ಆತ ನಗುತ್ತ ಹೇಳಿಕೊಳ್ಳುವುದು ಬಡಾಯಿಯಲ್ಲ. ಊಟವಾಯಿತೇ ಎಂದು ಕೇಳುವವರಿದ್ದ ನಾವು ಆ ಹಾಡನ್ನು ಸುಮ್ಮನೆ ಎರವಲು ತಂದುಕೊಂಡಿದ್ದೆವು. 1954ರಲ್ಲಿ ಚಿತ್ರ ಸೋವಿಯತ್ ದೇಶದಲ್ಲಿ ತೆರೆಕಂಡಾಗ, ಯುದ್ಧದಲ್ಲಿ ಮನೆಮಂದಿಯನ್ನು ಕಳೆದುಕೊಂಡ ಜನ ಅಲ್ಲಿ ಎಷ್ಟೋ ಇದ್ದರು. ಭಾಷೆ ಅರಿಯದೆಯೂ ಅಲ್ಲಿನವರು ಅದನ್ನು ತಮ್ಮದಾಗಿಸಿಕೊಂಡರು.

ಊರ ಕಡೆಗೆ ವರ್ಗ ಕೇಳುವ ಅರ್ಜಿ ಈ ವರ್ಷವೂ ಬಂದಿದೆ. ನಮ್ಮ ಕೋಣೆಯಲ್ಲಿ ಇಬ್ಬರು ತುಂಬಿದ್ದೇವೆ. ಮೂರನೆಯವನು ಇನ್ನೂ ಯೋಚಿಸುತ್ತಿದ್ದಾನೆ. ರಾತ್ರಿ ಪಾತ್ರೆ ತೊಳೆಯುವಾಗ ಅದೇ ಹಾಡನ್ನು ಗುನುಗುತ್ತಾನೆ.