ಹುಲಿಯೂ ಮೊಸಳೆಯೂ: ವ್ಯಂಗ್ಯಚಿತ್ರವನ್ನು ಓದುವ ಬಗೆ



ಉರ್ದುವಿನಲ್ಲಿ ‘ಅಲಾಮತ್’ ಎನ್ನುತ್ತೇವೆ, ಕನ್ನಡದಲ್ಲಿ ‘ಸಂಕೇತ’ ಎನ್ನುತ್ತೇವೆ. ದೊಡ್ಡ ಮಾತನ್ನು ಸಣ್ಣ ಗುರುತಿನೊಳಗೆ ಅಡಗಿಸಿಡುವುದೇ ಅದರ ಕೆಲಸ. ಇಂಥ ಗುರುತು ಎಷ್ಟು ಒಳಿತು ಮಾಡಬಲ್ಲದು, ಎಷ್ಟು ಕೆಡುಕು ಮಾಡಬಲ್ಲದು ಎಂಬುದಕ್ಕೆ 19ನೇ ಶತಮಾನದ ಅಮೆರಿಕದ ವ್ಯಂಗ್ಯಚಿತ್ರಕಾರ ಥಾಮಸ್ ನಾಸ್ಟ್ ಅವರ ಚಿತ್ರಗಳೇ ಸಾಕ್ಷಿ.

1840ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ನಾಸ್ಟ್ ಬಾಲ್ಯದಲ್ಲೇ ನ್ಯೂಯಾರ್ಕಿಗೆ ಬಂದವರು. ಅವರ ಚಿತ್ರಗಳು ‘ಹಾರ್ಪರ್ಸ್ ವೀಕ್ಲಿ’ ಎಂಬ ವಾರಪತ್ರಿಕೆಯಲ್ಲಿ ಬರುತ್ತಿದ್ದವು. ಅಮೆರಿಕದ ಡೆಮಾಕ್ರಟಿಕ್ ಪಕ್ಷಕ್ಕೆ ಕತ್ತೆ, ರಿಪಬ್ಲಿಕನ್ ಪಕ್ಷಕ್ಕೆ ಆನೆ ಇಂದಿಗೂ ಗುರುತಾಗಿವೆ. 1828ರ ಚುನಾವಣೆಯಲ್ಲಿ ಆಂಡ್ರ್ಯೂ ಜಾಕ್ಸನ್‌ರನ್ನು ಹಂಗಿಸಲು ಬಳಕೆಯಾಗಿದ್ದ ಕತ್ತೆಯನ್ನು 1870ರಲ್ಲಿ, ಆನೆಯನ್ನು 1874ರಲ್ಲಿ ಬರೆದು ಜನಪ್ರಿಯಗೊಳಿಸಿದವರು ನಾಸ್ಟ್.

ಆ ಕಾಲದಲ್ಲಿ ವಿಲಿಯಂ ಟ್ವೀಡ್ ಎಂಬ ರಾಜಕಾರಣಿ ‘ಟ್ಯಾಮನಿ ಹಾಲ್’ ಎಂಬ ತನ್ನ ಬಣದೊಡನೆ ನ್ಯೂಯಾರ್ಕ್ ನಗರದ ಬೊಕ್ಕಸವನ್ನು ಲೂಟಿ ಮಾಡುತ್ತಿದ್ದ. ನಾಸ್ಟ್ ಅವನ ತಲೆಯ ಜಾಗದಲ್ಲಿ ಹಣದ ಚೀಲವನ್ನು ಬರೆದರು. ಅವನ ಬಣವನ್ನು ಹುಲಿಯಾಗಿಸಿದರು. ಅದು ಟ್ವೀಡ್ ಹಿಂದೆ ಇದ್ದ ಅಗ್ನಿಶಾಮಕ ತಂಡದ ಲಾಂಛನವೇ ಆಗಿತ್ತು! ಅಕ್ಷರ ಬಾರದವನಿಗೂ ಆ ಚಿತ್ರಗಳು ಅರ್ಥವಾಗುತ್ತಿದ್ದವು. 1875ರಲ್ಲಿ ಸೆರೆಯಿಂದ ತಪ್ಪಿಸಿಕೊಂಡ ಟ್ವೀಡ್ ಮರುವರ್ಷ ಸ್ಪೇನ್‌ನಲ್ಲಿ ಸಿಕ್ಕಿಬಿದ್ದ. ಅವನನ್ನು ಗುರುತಿಸಲು ನೆರವಾದದ್ದು ನಾಸ್ಟ್ ಬರೆದ ಚಿತ್ರ. 1878ರಲ್ಲಿ ಅವನು ಸೆರೆಮನೆಯಲ್ಲೇ ಸತ್ತ.

ಇದು ನಾಣ್ಯದ ಒಂದು ಮುಖ. ಇದೇ ನಾಸ್ಟ್ 1869ರಲ್ಲಿ ಕರಿಯರು, ಬಿಳಿಯರು, ಚೀನೀಯರು ಒಂದೇ ಮೇಜಿನ ಸುತ್ತ ಸಮಾನರಾಗಿ ಊಟಕ್ಕೆ ಕುಳಿತ ಚಿತ್ರ ಬರೆದಿದ್ದರು. ಎರಡೇ ವರ್ಷಗಳಲ್ಲಿ, 1871ರಲ್ಲಿ, ಅವರು ಬರೆದ ಇನ್ನೊಂದು ಚಿತ್ರವನ್ನು ನೋಡಿ. ಕ್ಯಾಥೊಲಿಕ್ ಶಾಲೆಗಳಿಗೆ ಸಾರ್ವಜನಿಕ ಹಣ ಸಲ್ಲಬೇಕೇ ಎಂಬ ವಿವಾದ ನಡೆದಿದ್ದ ಸಮಯವದು. ಚಿತ್ರದಲ್ಲಿ ನದಿಯಿಂದ ಮೊಸಳೆಗಳು ದಡಕ್ಕೆ ತೆವಳಿ ಬರುತ್ತಿವೆ. ದಡದಲ್ಲಿ ಹೆದರಿದ ಮಕ್ಕಳಿದ್ದಾರೆ. ಸೂಕ್ಷ್ಮವಾಗಿ ನೋಡಿದರೆ ಮೊಸಳೆಯ ದವಡೆಗಳು ಕ್ಯಾಥೊಲಿಕ್ ಬಿಷಪ್ಪರ ಕಿರೀಟಗಳು! ಚಿತ್ರದ ಶೀರ್ಷಿಕೆಗೆ ನಮ್ಮ ಗಂಗಾನದಿಯ ಹೆಸರನ್ನೂ ಎಳೆದು ತಂದಿದ್ದಾರೆ. ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕರಿಗಂತೂ ಅವರು ಮತ್ತೆ ಮತ್ತೆ ಕೋತಿಯ ಮುಖವನ್ನೇ ಕೊಟ್ಟರು.

ಶಾಲೆಯ ಹಣದ ಬಗ್ಗೆ ಎರಡು ಅಭಿಪ್ರಾಯಗಳಿರಬಹುದು, ಕುಳಿತು ಚರ್ಚಿಸಬಹುದು. ಆದರೆ ಮೊಸಳೆಯ ಜೊತೆ ಯಾರು ತಾನೇ ಚರ್ಚೆಗೆ ಕೂರುತ್ತಾರೆ? ಅದನ್ನು ಕಂಡರೆ ಓಡಬೇಕು, ಇಲ್ಲವೇ ಹೊಡೆಯಬೇಕು. ಹುಲಿ ಒಂದು ಬಣದ ಕಳ್ಳತನವನ್ನು ತೋರಿಸಿತು. ಮೊಸಳೆ ಒಂದು ಸಮುದಾಯದ ನಂಬಿಕೆಯನ್ನೇ ಅಪರಾಧವಾಗಿಸಿತು. ಬರೆದ ಕೈ ಒಂದೇ, ಕೌಶಲವೂ ಒಂದೇ.

ಆದ್ದರಿಂದ ನನ್ನ ವಿನಂತಿ ಇಷ್ಟೇ. ವ್ಯಂಗ್ಯಚಿತ್ರ ಕಂಡಾಗ ನಗುವ ಮುನ್ನ ನಿಮ್ಮ ಮಕ್ಕಳಿಂದ ಒಂದು ಪ್ರಶ್ನೆ ಕೇಳಿಸಿ: ಇದು ಒಬ್ಬನ ಕೃತ್ಯವನ್ನು ತೋರಿಸುತ್ತಿದೆಯೇ, ಅಥವಾ ಅವನ ಹುಟ್ಟನ್ನು ಹಳಿಯುತ್ತಿದೆಯೇ? ಚಿತ್ರ ನಮ್ಮವರ ಬಗ್ಗೆ ಇದ್ದಾಗ ಮಾತ್ರವಲ್ಲ, ಇತರರ ಬಗ್ಗೆ ಇದ್ದಾಗಲೂ ಈ ಪ್ರಶ್ನೆಯನ್ನು ಕೇಳುವವನೇ ನಿಜವಾದ ವಿದ್ಯಾವಂತ.