ಗೋಧಿ ಒಗ್ಗದವರ ಅಡಿಗೆ

(ದೆಹಲಿಯಲ್ಲಿ ನಮ್ಮ ಸಂಘದ ಮಹಿಳಾ ವಿಭಾಗದ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ಸಮಯದಲ್ಲಿ ಪಂಪ, ಕುಮಾರವ್ಯಾಸರನ್ನು ಬಿಟ್ಟು ಹಿಟ್ಟಿನ ವಿಷಯ ಎತ್ತಿಕೊಂಡಳಲ್ಲ ಎಂದು ತಾವು ಅಂದುಕೊಳ್ಳಬಹುದು. ಆದರೆ ಊರಿನಲ್ಲಿ ಹಬ್ಬ ಹುಣ್ಣಿಮೆಗೆ ಕಾಣುತ್ತಿದ್ದ ಗೋಧಿ ಇಲ್ಲಿ ನಮಗೆ ಎರಡು ಹೊತ್ತಿನ ಆಹಾರವಾಗಿದೆ. ಹೆಚ್ಚಿನವರಿಗೆ ಅದರಿಂದ ಕೇಡೇನೂ ಇಲ್ಲ. ಕೆಲವರಿಗೆ ಉಂಟು. ಆ ಕೆಲವರ ವಿಚಾರವಾಗಿ ನನ್ನ ಮಾತು.

ಹೋಳಿಗೆಯ ಕಣಕ ಹರಿಯದೆ ಹಿಗ್ಗುವಂತೆ ಮಾಡುವ ಸಸಾರಜನಕಕ್ಕೆ ಗ್ಲುಟೆನ್ ಎಂದು ಹೆಸರು. ಇದು ಗೋಧಿ, ಬಾರ್ಲಿಗಳಲ್ಲಿದೆ. ಸೀಲಿಯಾಕ್ ಎಂಬ ರೋಗವುಳ್ಳವರು ಇದನ್ನು ತಿಂದರೆ ಅವರ ದೇಹ ತನ್ನ ಸಣ್ಣಕರುಳಿನ ಒಳಪದರವನ್ನೇ ಹಾಳುಮಾಡಿಕೊಳ್ಳುತ್ತದೆ. ತಿಂದದ್ದು ಮೈಗೆ ಹತ್ತುವುದಿಲ್ಲ. ಮಗು ಬೆಳೆಯದು, ದೊಡ್ಡವರಿಗೆ ಎಷ್ಟು ಕಬ್ಬಿಣದ ಗುಳಿಗೆ ನುಂಗಿದರೂ ರಕ್ತಹೀನತೆ ಹೋಗದು. ಗೋಧಿಯೇ ಇದಕ್ಕೆ ಮೂಲವೆಂದು ಹಾಲೆಂಡಿನ ಮಕ್ಕಳ ವೈದ್ಯ ವಿಲ್ಲೆಮ್ ಡಿಕೆಯವರು 1950ರ ತಮ್ಮ ಪ್ರಬಂಧದಲ್ಲಿ ತೋರಿಸಿಕೊಟ್ಟರು.

"ನಮ್ಮ ವಂಶದಲ್ಲೇ ಇಲ್ಲದ ರೋಗ" ಎಂದು ಊರಿನ ಹಿರಿಯರು ಹೇಳುವುದುಂಟು. ನಮ್ಮ ದೇಶದಲ್ಲಿ ನಡೆದು 2016ರಲ್ಲಿ ಪ್ರಕಟವಾದ ಒಂದು ದೊಡ್ಡ ಸಮೀಕ್ಷೆಯನ್ನು ಅವರಿಗೆ ಹೇಳಬೇಕು. ಉತ್ತರದಲ್ಲಿ ಸಾವಿರ ವಯಸ್ಕರಿಗೆ ಎಂಟೊಂಬತ್ತು ಮಂದಿಗೆ ಈ ರೋಗ. ದಕ್ಷಿಣದಲ್ಲಿ ಹತ್ತು ಸಾವಿರಕ್ಕೆ ಸುಮಾರು ಒಬ್ಬರಿಗೆ. ಆದರೆ ರೋಗಕ್ಕೆ ಎಡೆಗೊಡುವ ವಂಶವಾಹಿಗಳು ಎರಡು ಕಡೆಯೂ ಹೆಚ್ಚುಕಡಿಮೆ ಸಮ, ನೂರಕ್ಕೆ ಮೂವತ್ತಾರು ಮೂವತ್ತೆಂಟರಷ್ಟು. ಬೇರೆಯಾಗಿದ್ದುದು ಗೋಧಿಯ ಪ್ರಮಾಣ: ಅಲ್ಲಿ ದಿನಕ್ಕೆ 25 ಗ್ರಾಂ, ಇಲ್ಲಿ 455. ನಾವು ವಂಶವನ್ನು ಅಲ್ಲಿಂದ ತಂದು ಊಟವನ್ನು ಇಲ್ಲಿಯದು ಮಾಡಿಕೊಂಡವರು.

ಹಾಗೆಂದು ಹೊಟ್ಟೆ ಉಬ್ಬರಿಸಿದ ಕೂಡಲೇ ಗೋಧಿ ಬಿಡಬೇಡಿ. ಮೊದಲೇ ಬಿಟ್ಟರೆ ರಕ್ತಪರೀಕ್ಷೆಯಲ್ಲಿ ರೋಗ ಅಡಗಿಬಿಡಬಹುದು. ಪರೀಕ್ಷೆಗಳೆಲ್ಲ ಮುಗಿಯುವವರೆಗೆ ತಿನ್ನುತ್ತಿರಬೇಕು. ಈ ರೋಗವಿಲ್ಲದೆಯೂ ಗೋಧಿ ಒಗ್ಗದವರುಂಟು; ಅದನ್ನು ವೈದ್ಯರೇ ವಿಂಗಡಿಸಲಿ. ಸೀಲಿಯಾಕ್ ಎಂದು ಗೊತ್ತಾದ ಮೇಲೆ ಪಥ್ಯ ಜೀವಮಾನದ್ದು. ಮಗಳಿಗಿದ್ದರೆ ಮದುವೆಗೆ ತೊಡಕೆಂದು ಮುಚ್ಚಿಡುವವರನ್ನು ಕಂಡಿದ್ದೇನೆ. ಆ ಹುಡುಗಿ ಅತ್ತೆಯ ಮನೆಯಲ್ಲಿ ಬಾಯಿ ಬಿಡಲಾರದೆ ಚಪಾತಿ ತಿನ್ನುತ್ತಾಳಲ್ಲ, ಅದನ್ನು ಯಾರು ಯೋಚಿಸಿದರು?

ಇನ್ನು ಅಂಗಡಿಯ ಗ್ಲುಟೆನ್‌ರಹಿತ ಕೇಕು, ಬ್ರೆಡ್ಡಿನ ಸಿದ್ಧ ಹಿಟ್ಟುಗಳು. ನಾಲ್ಕಾರು ಬಗೆಯವನ್ನು ಮಾಡಿ ನೋಡಿದ್ದೇನೆ. ಒಳಗಿರುವುದು ಬಹುಮಟ್ಟಿಗೆ ಅಕ್ಕಿ ಹಿಟ್ಟು, ಜೋಳದಂಥ ಧಾನ್ಯಗಳು, ಮುಸುಕಿನ ಜೋಳದ ಅಥವಾ ಮರಗೆಣಸಿನ ಪಿಷ್ಟ, ಜೊತೆಗೆ ಕ್ಸಾಂಥನ್ ಗೋಂದು ಇಲ್ಲವೆ ಇಸಬಗೋಲಿನ ಹೊಟ್ಟು. ಗ್ಲುಟೆನ್ ಮಾಡುವ ಬಂಧನದ ಕೆಲಸವನ್ನು ಇವು ಮಾಡುತ್ತವೆ. ಕಲಸಿದಾಗ ಬ್ರೆಡ್ಡಿನ ಹಿಟ್ಟು ಕೂಡ ಇಡ್ಲಿ ಹಿಟ್ಟಿನಂತೆ ತೆಳ್ಳಗಿರುತ್ತದೆ. ಗಾಬರಿಯಿಂದ ಮತ್ತಷ್ಟು ಹಿಟ್ಟು ಸುರಿಯಬಾರದು. ಇಪ್ಪತ್ತು ನಿಮಿಷ ಬಿಟ್ಟರೆ ನೀರು ಹೀರಿ ಹದಕ್ಕೆ ಬರುತ್ತದೆ. ಬೆಂದದ್ದನ್ನು ಬಿಸಿಯಲ್ಲಿ ಕೊಯ್ದರೆ ಪುಡಿಪುಡಿ. ಕೇಕು ನಿಜಕ್ಕೂ ಚೆನ್ನಾಗಿ ಬಂತು, ಬ್ರೆಡ್ಡನ್ನು ಹೊಗಳಲಾರೆ. ಬೆಲೆಯನ್ನಂತೂ ಕೇಳಲೇಬೇಡಿ!

ಇಷ್ಟಕ್ಕೂ ಅಂಟಿಲ್ಲದ ಹಿಟ್ಟನ್ನು ಒಂದುಗೂಡಿಸುವ ವಿದ್ಯೆ ನಮಗೆ ಹೊಸದಲ್ಲ. ಜೋಳದ ರೊಟ್ಟಿಗೆ ಎಸರು ಹಾಕಿ ನಾದುವುದೇಕೆ? ಕುದಿನೀರಿಗೆ ಪಿಷ್ಟ ಅರೆಬೆಂದು ಅಂಟಾಗುತ್ತದೆ, ರೊಟ್ಟಿ ಬಿರಿಯುವುದಿಲ್ಲ. ರಾಗಿ ಹಿಟ್ಟು, ಅಕ್ಕಿ ಹಿಟ್ಟಿಗೆ ಕಿವುಚಿದ ಬಾಳೆಹಣ್ಣು, ಮೊಟ್ಟೆ, ಬೆಲ್ಲ ಸೇರಿಸಿ ನಾನು ಮಾಡುವ ಕೇಕನ್ನು ಮಕ್ಕಳು ಡಬ್ಬದ ಕೇಕಿಗಿಂತ ಮೊದಲು ಮುಗಿಸುತ್ತಾರೆ.

ಆದರೆ ಒಂದು ಎಚ್ಚರಿಕೆ. ಗೋಧಿ ಬೀಸಿದ ಚಕ್ಕಿಯಲ್ಲೇ ರಾಗಿ ಬೀಸಿದರೆ ಪಥ್ಯ ಕೆಟ್ಟಂತೆ. ಧಾನ್ಯವನ್ನು ಆರಿಸಿ, ತೊಳೆದು, ಒಣಗಿಸಿ, ಮನೆಯ ಮಿಕ್ಸಿಯಲ್ಲೇ ಪುಡಿಮಾಡಿ. ಕೊಳ್ಳುವುದಾದರೆ ಗ್ಲುಟೆನ್‌ರಹಿತವೆಂದು ಅಚ್ಚಾದುದನ್ನೇ ಕೊಳ್ಳಿ. ಕಿಲೋಗೆ 20 ಮಿಲಿಗ್ರಾಂ ಮೀರಬಾರದೆಂದು ನಿಯಮವಿದೆ. ಮತ್ತೊಂದು, ಯಾರಿಗೂ ಹೊಳೆಯದ ಪದಾರ್ಥ: ಹಿಂಗು. ಡಬ್ಬಿಯ ಪುಡಿಹಿಂಗಿಗೆ ಅನೇಕ ವೇಳೆ ಗೋಧಿ ಹಿಟ್ಟನ್ನೋ ಮೈದಾವನ್ನೋ ಬೆರೆಸಿರುತ್ತಾರೆ. ರವೆ, ಶಾವಿಗೆ ಬಿಟ್ಟವರೂ ಸಾರಿನ ಒಗ್ಗರಣೆಯಲ್ಲಿ ಎಡವುವುದು ಇಲ್ಲಿಯೇ.

ಇಂದಿನ ಊಟದ ಸಾರಿಗೆ ಹಿಂಗು ಹಾಕಿಲ್ಲ. ಎಡಗಡೆಯ ಮೇಜಿನ ಅಕ್ಕಿ ರೊಟ್ಟಿ, ರಾಗಿ ಕೇಕುಗಳು ಗೋಧಿ ಸೋಕದ ಪಾತ್ರೆಗಳಲ್ಲಿ ಆದವು. ದಯವಿಟ್ಟು ಅಲ್ಲಿಯ ಚಮಚಗಳನ್ನು ಹೋಳಿಗೆಯ ಮೇಜಿಗೆ ಒಯ್ಯಬೇಡಿ.