ದಣಿವು, ತಣಿವು, ತೋಳ್ಬಲ



ದಣಿವು, ತಣಿವು – ಈ ಎರಡು ಮಾತುಗಳು ನಮ್ಮ ನುಡಿಯಲ್ಲಿ ಎಷ್ಟು ಹತ್ತಿರದವು! ದಣಿದವನನ್ನು ತಣಿಸುವುದು ಮನೆಮನೆಯ ಧರ್ಮ. ಕಳೆದ ವರ್ಷ ನಮ್ಮ ಶಾಲೆಯಲ್ಲಿ ಗುಂಡು ಎಸೆಯುವ ಹುಡುಗನೊಬ್ಬ ಮೈಕೈ ನೋವೆಂದು ಬಂದಾಗ ನಾನೂ ಈ ಧರ್ಮವನ್ನೇ ಹಿಡಿದು, "ಅಭ್ಯಾಸ ಮುಗಿದೊಡನೆ ಮಂಜುಗಡ್ಡೆ ಹಾಕಿದ ನೀರಿನಲ್ಲಿ ಕುಳಿತುಕೊಳ್ಳಪ್ಪ" ಎಂದುಬಿಟ್ಟೆ. ಗುರುವಾಕ್ಯವೆಂದು ಅವನು ಮೂರು ತಿಂಗಳು ಹಾಗೆಯೇ ನಡೆದ. ನೋವೇನೋ ತಗ್ಗಿತು, ಗುಂಡು ಮಾತ್ರ ಹಳೆಯ ಗೆರೆಯನ್ನು ದಾಟಲೊಲ್ಲದು. "ಏಕೆ ಸಾರ್?" ಎಂದು ಅವನು ಕೇಳಿದ. ಉತ್ತರ ನನ್ನಲ್ಲಿರಲಿಲ್ಲ, ಹುಡುಕಬೇಕಾಯಿತು.

ತಂಪು ನೋವನ್ನು ಶಮನಗೊಳಿಸುವುದು ದಿಟ. ಚಳಿ ತಾಕಿದಾಗ ರಕ್ತನಾಳಗಳು ಕುಗ್ಗುತ್ತವೆ. ನೋವಿನ ಸುದ್ದಿ ಒಯ್ಯುವ ನರಗಳು ನಿಧಾನವಾಗುತ್ತವೆ. ಆದರೆ ಆಜ್ಞೆ ಒಯ್ಯುವ ನರಗಳೂ ಹಾಗೆಯೇ ನಿಧಾನಿಸುತ್ತವೆ. ಮಾಗಿಯ ಮುಂಜಾನೆ ಮರಗಟ್ಟಿದ ಬೆರಳಿಗೆ ಅಂಗಿಯ ಗುಂಡಿ ಸಿಕ್ಕದಿರುವುದನ್ನು ನಾವೆಲ್ಲ ಕಂಡಿದ್ದೇವೆ. ತಣ್ಣಗಾದ ಮಾಂಸಖಂಡ ಚುರುಕಾಗಿ ಕುಗ್ಗಲಾರದು. ಆದುದರಿಂದಲೇ ಆಟಕ್ಕೆ ಮುನ್ನ ಮೈ ಬಿಸಿಮಾಡಿಕೊಳ್ಳುವ ಪದ್ಧತಿ.

ಇದು ತತ್ಕಾಲದ ಮಾತಾಯಿತು. ದೀರ್ಘಕಾಲದ ಮಾತು ಇನ್ನೂ ವಿಚಾರಾರ್ಹ. 2015ರಲ್ಲಿ ಆಸ್ಟ್ರೇಲಿಯದ ಸಂಶೋಧಕರು ಪ್ರಕಟಿಸಿದ ಪ್ರಯೋಗವೊಂದುಂಟು. 21 ಮಂದಿ ಗಂಡಸರು ವಾರಕ್ಕೆ 2 ದಿನದಂತೆ 12 ವಾರ ಭಾರ ಎತ್ತುವ ಸಾಧನೆ ಮಾಡಿದರು. ಸಾಧನೆಯ ತರುವಾಯ ಒಂದು ಗುಂಪಿನವರು ಸುಮಾರು 10 ಡಿಗ್ರಿ ಸೆಲ್ಸಿಯಸ್ ನೀರಿನಲ್ಲಿ 10 ನಿಮಿಷ ಕುಳಿತರು. ಮತ್ತೊಂದು ಗುಂಪಿನವರು ಅಷ್ಟೇ ಹೊತ್ತು ನಿಂತಲ್ಲೇ ಇರುವ ಸೈಕಲ್ಲನ್ನು ಮೆಲ್ಲಗೆ ತುಳಿದರು. ಕೊನೆಗೆ ಅಳೆದು ನೋಡಿದಾಗ, ತಣ್ಣೀರಿನವರ ಬಲವೂ ಮಾಂಸಖಂಡವೂ ಸೈಕಲ್ಲಿನವರಷ್ಟು ಬೆಳೆದಿರಲಿಲ್ಲ.

2020ರಲ್ಲಿ ನೆದರ್ಲೆಂಡ್ಸಿನಿಂದ ಇದಕ್ಕೆ ಕಾರಣದ ಸುಳಿವು ದೊರೆಯಿತು. ವ್ಯಾಯಾಮದ ಬಳಿಕ 12 ಮಂದಿ ಒಂದು ಕಾಲನ್ನು 8 ಡಿಗ್ರಿಯ ನೀರಿನಲ್ಲೂ ಮತ್ತೊಂದನ್ನು 30 ಡಿಗ್ರಿಯ ನೀರಿನಲ್ಲೂ 20 ನಿಮಿಷ ಇಟ್ಟರು. ತಣ್ಣಗಾದ ಕಾಲಿನಲ್ಲಿ ಹೊಸ ಸಸಾರಜನಕದ ಕಟ್ಟಡ ಕಡಿಮೆಯಾಯಿತು. ವ್ಯಾಯಾಮವೆಂದರೆ ದೇಹದ ಕೆಲಸಗಾರರಿಗೆ ಕರೆ. ಅವರು ಬರುವ ಹೊತ್ತಿಗೆ ಬಾಗಿಲು ಮುಚ್ಚಿದರೆ ಗೋಡೆ ಏಳುವುದೆಂತು?

ಹಾಗೆಂದು ತಣ್ಣೀರು ವರ್ಜ್ಯವಲ್ಲ. ಒಂದೇ ದಿನ ಎರಡು ಪಂದ್ಯವಾಡುವವನಿಗೆ ಬೇಕಾದುದು ಬೆಳವಣಿಗೆಯಲ್ಲ, ನೋವಿನ ಉಪಶಮನ. ಅವನಿಗೆ ತಂಪು ಸಹಾಯಕ. ಬಲ ಬೆಳೆಸಬೇಕೆಂಬವನು ಮಾತ್ರ ಸಾಧನೆಯ ಬೆನ್ನಿಗೇ ದಿನವೂ ಮಂಜಿನ ನೀರಿಗೆ ಇಳಿಯದಿರಲಿ. ಹೃದ್ರೋಗ, ರಕ್ತದೊತ್ತಡ ಇರುವವರು ವೈದ್ಯರನ್ನು ಕೇಳದೆ ಇದಕ್ಕೆ ಕೈಹಾಕಬಾರದು.

ಪೆಟ್ಟಾದಾಗ ವಿಶ್ರಾಂತಿ, ಮಂಜುಗಡ್ಡೆ, ಬಿಗಿಗಟ್ಟು, ಎತ್ತರದಲ್ಲಿಡುವುದು ಎಂಬ ಸೂತ್ರವನ್ನು 1978ರಲ್ಲಿ ಬರೆದ ಅಮೆರಿಕದ ವೈದ್ಯ ಗೇಬ್ ಮಿರ್ಕಿನ್, ಮಂಜುಗಡ್ಡೆಯಿಂದ ಗುಣವಾಗುವುದು ತಡವಾಗಬಹುದೆಂದು 2014ರಲ್ಲಿ ತಾವೇ ತಮ್ಮ ಮಾತನ್ನು ತಿದ್ದಿಕೊಂಡರು. ಅದನ್ನು ಓದಿದ ಮೇಲೆ ನನಗೂ ಧೈರ್ಯ ಬಂತು. ಹುಡುಗನನ್ನು ಕರೆದು, "ನಾನು ಹೇಳಿದ್ದು ತಪ್ಪಾಯಿತಪ್ಪ" ಎಂದೆ. ಅವನ ಗುಂಡು ಮುಂದೆ ಹೋಗದಿದ್ದುದಕ್ಕೆ ತಣ್ಣೀರೇ ಕಾರಣವೆಂದು ನಾನು ಸಾಧಿಸಲಾರೆ. ಈಗ ಅವನು ಅಭ್ಯಾಸ ಮುಗಿಸಿ ಹತ್ತು ನಿಮಿಷ ಮೆಲ್ಲಗೆ ನಡೆಯುತ್ತಾನೆ, ಆಮೇಲೆ ಮನೆಗೆ ಹೋಗಿ ಹೊಟ್ಟೆ ತುಂಬ ಉಣ್ಣುತ್ತಾನೆ. ಅಳತೆಯ ಟೇಪು ಹಿಡಿಯುವ ದಿನ ಇನ್ನೂ ಬಂದಿಲ್ಲ. ಆ ದಿನ ನಾನೂ ಮೈದಾನದಲ್ಲಿರುತ್ತೇನೆ.